ಮಾರುವ ಮನೆಯ ಸಿಂಗಾರ

2023ರ ಬೇಸಿಗೆಯಲ್ಲಿ ಉಪ್ಪಲ್‌ನ ನಮ್ಮ ಮನೆಯನ್ನು ಮಾರಿಬಿಡೋಣ ಅಂತ ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದೆವು. 1998ರಲ್ಲಿ ಕೊಂಡ ಮನೆ. ನೂರಿಪ್ಪತ್ತು ಗಜದ ಸೈಟು. ಹೈದರಾಬಾದಿನಲ್ಲಿ ಜಾಗ ಅಳೆಯುವುದೇ ಗಜದಲ್ಲಿ. ಅಡಿ ಲೆಕ್ಕದಲ್ಲಿ ಬೆಳೆದ ರಾಯಚೂರು ಕಡೆಯವನಾದ ನನಗೆ, ಒಂದು ಗಜ ಅಂದರೆ ಒಂಬತ್ತು ಚದರಡಿ ಅಂತ ಮನಸ್ಸಿನಲ್ಲೇ ಗುಣಿಸಿಕೊಳ್ಳುವುದು ಎಷ್ಟೋ ವರ್ಷ ತಪ್ಪಲಿಲ್ಲ. ನಾವು ಕೊಂಡಾಗ ಉಪ್ಪಲ್ ಊರಾಚೆ. ವರಂಗಲ್ಲಿಗೂ ಯಾದಗಿರಿಗುಟ್ಟಕ್ಕೂ ಹೋಗುವ ಬಸ್ಸುಗಳು ರಿಂಗ್ ರೋಡಿನಲ್ಲಿ ನಿಂತು ಹೋಗುತ್ತಿದ್ದವು, ಅಷ್ಟೆ. ಆಮೇಲೆ ಕ್ರಿಕೆಟ್ ಸ್ಟೇಡಿಯಂ ಬಂತು, 2007ರಲ್ಲಿ ಗ್ರೇಟರ್ ಹೈದರಾಬಾದಿಗೆ ಸೇರಿತು, 2017ರಲ್ಲಿ ಮೆಟ್ರೋ ಬಂತು. ಒಬ್ಬ ಬ್ಯಾಂಕ್ ಆಫೀಸರ್ ಜೀವಮಾನದಲ್ಲಿ ಜಾಣತನದಿಂದ ಮಾಡಿದ ಒಂದೇ ಹೂಡಿಕೆ ತಾನಾಗೇ ಬೆಳೆದು ನಿಂತಿತು.

ಮಾರುವುದಕ್ಕೆ ಕಾರಣ ದೊಡ್ಡದೇನಲ್ಲ. ಹೆಂಡತಿಗೆ ಮಂಡಿನೋವು, ಅಂಗಳ ಗುಡಿಸುವುದು ಆಗೋದಿಲ್ಲ. ಊರಿಗೆ ಹೋದರೆ ಮನೆಗೆ ಬೀಗ ಹಾಕಿ ಹೋಗಬೇಕು. ಅಲ್ಲೇ ಎರಡು ಕಿಲೋಮೀಟರಿನಾಚೆ ಲಿಫ್ಟಿರುವ, ವಾಚ್‌ಮನ್ ಇರುವ ಒಂದು ಫ್ಲಾಟ್ ನೋಡಿದ್ದೆವು. ಮಗಳು ಬೆಂಗಳೂರಿನಿಂದ ಫೋನ್ ಮಾಡಿ, ‘ಅಪ್ಪಾ, ಹಾಗೇ ಮಾರಬೇಡ. ಹೋಮ್ ಸ್ಟೇಜಿಂಗ್ ಮಾಡೋರನ್ನ ಕರೆಸು’ ಅಂದಳು. ಸ್ಟೇಜು ಅಂದರೆ ನಾಟಕದ್ದೇ ನೆನಪಿಗೆ ಬರುವ ವಯಸ್ಸು ನನ್ನದು. ಏನಮ್ಮಾ ಅದು ಅಂದೆ. ಮಾರುವ ಮನೆಯನ್ನು ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಅಣಿಮಾಡುವ ಕಸುಬು ಅಂತೆ. ಬಣ್ಣ, ಪರದೆ, ದೀಪ, ತಿಂಗಳ ಬಾಡಿಗೆಗೆ ತಂದ ಸೋಫಾ, ಕುಂಡದ ಗಿಡ, ಆಮೇಲೆ ಒಳ್ಳೆಯ ಫೋಟೋ. ಅಮೆರಿಕದ ಸಿಯಾಟಲ್ ಕಡೆಯ ಬಾರ್ಬ್ ಶ್ವಾರ್ಜ್ ಎಂಬ ಹೆಂಗಸು 1970ರ ದಶಕದಲ್ಲಿ ಇದನ್ನೊಂದು ಕಸುಬಾಗಿ ಬೆಳೆಸಿದಳು ಅಂತ ಆಮೇಲೆ ಓದಿ ತಿಳಿದುಕೊಂಡೆ. ನಮ್ಮಲ್ಲಿ ಬಿಲ್ಡರುಗಳು ತೋರಿಸುವ ಮಾಡೆಲ್ ಫ್ಲಾಟ್ ಇದೇ ಜಾತಿಯದು.

ಸರಿ, ಒಬ್ಬ ಹುಡುಗಿ ಬಂದಳು. ಕರ್ನೂಲಿನವಳು, ಇಂಟೀರಿಯರ್ ಡಿಸೈನ್ ಓದಿದವಳು, ಚುರುಕು. ಅರ್ಧ ಗಂಟೆ ಮನೆಯೆಲ್ಲ ಓಡಾಡಿ ಒಂದೂವರೆ ಲಕ್ಷದ ಎಸ್ಟಿಮೇಟ್ ಕೊಟ್ಟಳು. ನಾನು ಎದೆ ಹಿಡಿದುಕೊಂಡೆ. ಆದರೆ ಕಾಗದದ ಮೇಲೆ ಲೆಕ್ಕ ಹಾಕದೆ ಬೇಡ ಅನ್ನುವ ಜಾಯಮಾನ ನನ್ನದಲ್ಲ.

ಲೆಕ್ಕ ಹೀಗೆ. ಮನೆಗೆ ನಾವು ಅಂದುಕೊಂಡ ಬೆಲೆ ತೊಂಬತ್ತು ಲಕ್ಷ. ಆ ಹಣಕ್ಕೆ ವರ್ಷಕ್ಕೆ ನೂರಕ್ಕೆ ಏಳರಂತೆ ಬಡ್ಡಿ ಹಿಡಿದರೆ ಆರು ಲಕ್ಷ ಮೂವತ್ತು ಸಾವಿರ, ಅಂದರೆ ತಿಂಗಳಿಗೆ ಐವತ್ತೆರಡೂವರೆ ಸಾವಿರ. ಮನೆ ಮಾರಾಟವಾಗದೆ ಮೂರು ತಿಂಗಳು ಕೂತರೆ ಒಂದೂವರೆ ಲಕ್ಷಕ್ಕೂ ಮೇಲೆ ಕೈಬಿಟ್ಟ ಹಾಗೆ. ಸಿಂಗಾರದಿಂದ ಮೂರು ತಿಂಗಳು ಮೊದಲೇ ಮಾರಾಟವಾದರೆ ಖರ್ಚು ಹುಟ್ಟಿತು. ಬೆಲೆಯೂ ನೂರಕ್ಕೆ ಎರಡು ಹೆಚ್ಚು ಸಿಕ್ಕಿದರೆ ಲಾಭವೇ. ಹುಡುಗಿ ಹೇಳಿದ್ದು ಸುಳ್ಳಲ್ಲ. ವ್ಯಾಪಾರದ ಕಣ್ಣಿಂದ ನೋಡಿದರೆ ಮಾಡಿಸಬಹುದಾದ ಖರ್ಚೇ.

ಇನ್ನು ಸಿಂಗಾರ ಮಾಡುವುದೇ ತಪ್ಪು ಅಂತ ಹೇಳುವ ಬಾಯಿ ನನಗಿರಲಿಲ್ಲ. ಬೀಗರು ಬರುತ್ತಾರೆ ಅಂದರೆ ನಮ್ಮವ್ವ ಹರಿದ ಜಮಖಾನೆಯ ಮೇಲೆ ಹೊಸ ಚಾದರ ಹಾಸುತ್ತಿದ್ದಳು. ಹೆಣ್ಣು ನೋಡುವ ಶಾಸ್ತ್ರ ಸ್ಟೇಜಿಂಗ್ ಅಲ್ಲದೆ ಇನ್ನೇನು? ಪಕ್ಕದ ಮನೆಯ ಕುರ್ಚಿ ಎರವಲು ತಂದು ಕೂರಿಸಿದವರು ನಾವು. ನಮ್ಮ ಬ್ಯಾಂಕಿಗೆ ಜೋನಲ್ ಆಫೀಸಿನಿಂದ ಸಾಹೇಬರು ಬರುವ ಹಿಂದಿನ ದಿನ ನೋಡಬೇಕಿತ್ತು. ಹಳೇ ಲೆಡ್ಜರುಗಳೆಲ್ಲ ಬಾತ್‌ರೂಮಿನ ಪಕ್ಕದ ಗೂಡಿಗೆ ಹೋಗುತ್ತಿದ್ದವು, ಕೌಂಟರಿನ ಮೇಲೆ ಗುಲಾಬಿ ಬರುತ್ತಿತ್ತು. ಬಂದವರ ಮುಂದೆ ಚೊಕ್ಕವಾಗಿ ಕಾಣಿಸಿಕೊಳ್ಳುವುದರಲ್ಲಿ ಒಂದು ಮರ್ಯಾದೆಯೂ ಇದೆ ನೋಡಿ. ನಮ್ಮ ಮನೆಯ ಕೊಳೆಯನ್ನು ಇನ್ನೊಬ್ಬರ ಕಣ್ಣಿಗೆ ಯಾಕೆ ಬಡಿಯಬೇಕು?

ಹುಡುಗಿಯ ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು ತೆಗೆಯಬೇಕಾದ ಸಾಮಾನು. ಗೋಡೆಯ ಮೇಲಿನ ಅಪ್ಪ-ಅವ್ವನ ಫೋಟೋ. ಮಂತ್ರಾಲಯದ ರಾಯರ ಬೃಂದಾವನದ ಪಟ. ಕನ್ನಡ ಕ್ಯಾಲೆಂಡರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಲ್ಲಿ ಹೆಂಡತಿಗೆ ಕೊಟ್ಟ ಎರಡು ಸ್ಮರಣಿಕೆ. ‘ಅಂಕಲ್, ನೋಡೋಕೆ ಬಂದವರಿಗೆ ಇದು ನಿಮ್ಮ ಮನೆ ಅನ್ನಿಸಬಾರದು, ತಮ್ಮ ಮನೆ ಅನ್ನಿಸಬೇಕು’ ಅಂತ ಅವಳು ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು. ಹೆಂಡತಿಯ ಮುಖ ಸಪ್ಪಗಾಯಿತು. ಹೊರಗೆ ತೆಲುಗು, ಬ್ಯಾಂಕಿನಲ್ಲಿ ಇಂಗ್ಲಿಷು-ಹಿಂದಿ, ಕನ್ನಡಕ್ಕೆ ಇದ್ದದ್ದು ಆ ನಾಲ್ಕು ಗೋಡೆಯೊಳಗಿನ ಜಾಗ ಮಾತ್ರ. ಅಲ್ಲಿಂದಲೂ ಅದನ್ನು ಇಳಿಸಬೇಕು ಅಂದರೆ ಯಾರಿಗಾದರೂ ಚುರುಕ್ ಅನ್ನುತ್ತದೆ.

ಆದರೂ ರಾತ್ರಿ ಯೋಚಿಸಿದಾಗ ಅವಳು ಹೇಳಿದ್ದು ಸರಿ ಅನ್ನಿಸಿತು. ಆ ಫೋಟೋ ಇಳಿಸಿದರೆ ಕೊಳ್ಳುವವನಿಗೆ ಏನೂ ನಷ್ಟವಿಲ್ಲ. ನಷ್ಟವೇನಿದ್ದರೂ ನಮ್ಮದು, ನಮ್ಮ ಖಾತೆಗೆ. ಬಿಟ್ಟುಹೋಗುವ ಮನೆಯಲ್ಲಿ ನಾವು ಸ್ವಲ್ಪ ಮುಂಚೆಯೇ ಇಲ್ಲವಾದೆವು, ಅಷ್ಟೇ. ಹೊರನಾಡಿನಲ್ಲಿ ಬಾಳಿದವರಿಗೆ ಇದೇನು ಹೊಸದಲ್ಲ, ಬಿಡಿ.

ಎರಡನೆಯ ಸಲ ಬಂದಾಗ ಅವಳು ಹಿಂದಿನ ಕೋಣೆಯ ಪುಸ್ತಕದ ಕಪಾಟು ತೆಗೆಸಿದಳು. ಆಗ ಬಯಲಾಯಿತು ನೋಡಿ, ನಿಜವಾದ ಸಮಸ್ಯೆ.

ಕಪಾಟಿನ ಹಿಂದಿನ ಗೋಡೆಯಲ್ಲಿ ನೆಲದಿಂದ ಸೊಂಟದ ಮಟ್ಟಕ್ಕೆ ತೇವದ ಕಲೆ. ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಕೈಯಿಟ್ಟರೆ ಬಿಳಿ ಉಪ್ಪು ಉದುರುತ್ತಿತ್ತು. ನನಗದು ಗೊತ್ತಿರಲಿಲ್ಲವೇ? ಗೊತ್ತಿತ್ತು. 1998ರಲ್ಲಿ ನಾವು ಮನೆ ನೋಡಲು ಬಂದಾಗ ಅದೇ ಗೋಡೆಗೆ ಹಳೇ ಮಾಲೀಕರ ದೊಡ್ಡ ಗೋದ್ರೇಜ್ ಅಲ್ಮೇರಾ ಒರಗಿತ್ತು. ಅವರು ಖಾಲಿಮಾಡಿದ ದಿನ ಕಲೆ ಕಂಡಿತು. ಬೇಕೆಂದೇ ಇಟ್ಟಿದ್ದರೋ, ಜಾಗವಿಲ್ಲದೆ ಇಟ್ಟಿದ್ದರೋ, ಇವತ್ತಿಗೂ ಗೊತ್ತಿಲ್ಲ. ಹಾಗೆ ಮೋಸಹೋದೆ ಅಂತ ಬೈದುಕೊಂಡ ನಾನು ಮಾಡಿದ್ದೇನು? ಅದೇ ಜಾಗಕ್ಕೆ ಪುಸ್ತಕದ ಕಪಾಟು ತಂದಿಟ್ಟೆ. ಇಪ್ಪತ್ತೈದು ವರ್ಷ ಬಂದ ನೆಂಟರೆಲ್ಲ ಕಪಾಟು ನೋಡಿ, ಎಷ್ಟು ಓದ್ತೀರಿ ಸರ್ ಅಂತ ಹೊಗಳುತ್ತಿದ್ದರು.

ಆ ಕಲೆ ಮೊದಲು ಮೊಣಕಾಲೆತ್ತರ ಇತ್ತು. 2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿಗೆ ಸುರಿದ ಮಳೆ ನಿಮಗೂ ನೆನಪಿರಬಹುದು. ಕೆರೆಗಳು ತುಂಬಿ ಎಷ್ಟೋ ಕಾಲೊನಿಗಳು ಮುಳುಗಿದವು. ನಮ್ಮ ಬೀದಿಗೂ ನೀರು ಬಂತು. ಹಿಂದಿನ ಕೋಣೆಯಲ್ಲಿ ಗೇಣೆತ್ತರ ನಿಂತು ಎರಡು ದಿನ ಬಿಟ್ಟು ಇಳಿಯಿತು. ಕೆಳಗಿನ ಎರಡು ಸಾಲಿನ ಪುಸ್ತಕ ಹೋದವು, ಗೋಡೆಯ ಕಲೆ ಸೊಂಟಕ್ಕೇರಿತು. ಈ ಊರಿಗೆ ನೀರಿನ ಕಾಟ ಹಳೆಯದು. 1908ರಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಾಗ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಮಳೆ-ನೀರಿನ ಲೆಕ್ಕ ಹಾಕಿ, ಊರ ಮೇಲ್ಭಾಗದಲ್ಲಿ ಜಲಾಶಯ ಕಟ್ಟಬೇಕು ಅಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದದ್ದು ಹಾಗೆ. ಹೈದರಾಬಾದಿನ ಕನ್ನಡಿಗರು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ನಾನೂ ಹೇಳುತ್ತಿದ್ದೆ, ಕಪಾಟಿನ ಮುಂದೆ ಕೂತುಕೊಂಡು.

ಹುಡುಗಿ ಕಲೆಯನ್ನು ನೋಡಿ ಗಾಬರಿಯಾಗಲಿಲ್ಲ. ‘ಪಿವಿಸಿ ಪ್ಯಾನೆಲ್ ಹಾಕಿಬಿಡೋಣ ಅಂಕಲ್. ಮರದ ಹಾಗೇ ಕಾಣುತ್ತೆ. ಒಂದು ದಿನದ ಕೆಲಸ, ಹದಿನೆಂಟು ಸಾವಿರ’ ಅಂದಳು. ಕೇಳಿದರೆ ಹೇಳುವುದೋ ಬಿಡುವುದೋ ನಿಮ್ಮಿಷ್ಟ ಅಂತಲೂ ಅಂದಳು. ಅವಳನ್ನು ತಪ್ಪು ಅನ್ನಲಾರೆ. ಅವಳದು ಜೋಡಿಸುವ ಕೆಲಸ, ಮಾತಾಡಬೇಕಾದವನು ನಾನು.

ನಾನು ಸುಮ್ಮನೆ ಕೂತೆ. ಹೆಂಡತಿ, ‘ನಮಗ ಮಾರಿದವ್ರು ಹೇಳಿದ್ರೇನ್ರೀ?’ ಅಂದಳು. ಎದುರುಮನೆಯವರು, ‘ಅಂದರೂ ಚೇಸೇದೇ ಕದಾ ಸಾರ್’ ಅಂದರು, ಎಲ್ಲರೂ ಮಾಡೋದೇ ಅಲ್ಲವಾ ಅಂತ. ಅವರ ಮಾತಿನಲ್ಲಿ ಇನ್ನೊಂದು ಚುಚ್ಚುವ ವಾದವಿತ್ತು. ನೀವು ನೀರು ಬಂದಿತ್ತು ಅಂತ ಹೇಳಿದರೆ ಬರೀ ನಿಮ್ಮ ಮನೆಯ ಬೆಲೆ ಇಳಿಯೋದಿಲ್ಲ, ಬೀದಿಯ ಬೆಲೆ ಇಳಿಯುತ್ತೆ. ನಿಮ್ಮ ಸತ್ಯಕ್ಕೆ ನಮ್ಮ ಜೇಬಿಂದ ಯಾಕೆ ಕೊಡಬೇಕು? ಇದಕ್ಕೆ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಎಂ.ಕಾಂ. ಓದಿದವನಲ್ಲವೇ, ಕಾನೂನಿನ ಪುಸ್ತಕ ತೆಗೆದೆ. ಕೊಳ್ಳುವವನೇ ಎಚ್ಚರವಾಗಿರಬೇಕು ಅನ್ನುವುದು ಹಳೇ ಸೂತ್ರ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿ ಬೇರೆಯೇ ಮಾತಿದೆ. ಆಸ್ತಿಯಲ್ಲಿ ಮುಖ್ಯವಾದ ದೋಷವಿದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ತಿಳಿಯದಂಥದ್ದಾದರೆ, ಮಾರುವವನೇ ಹೇಳಬೇಕು. ಬೇರೆ ಕರಾರು ಇಲ್ಲದಿದ್ದರೆ ಇದು ಅವನ ಹೊಣೆ. 2016ರ ರೇರಾ ಕಾಯ್ದೆಯ 12ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ. ಜಾಹೀರಾತನ್ನೋ ಮಾಡೆಲ್ ಫ್ಲಾಟನ್ನೋ ನಂಬಿ ದುಡ್ಡು ಕಟ್ಟಿ, ತೋರಿಸಿದ್ದು ಸುಳ್ಳಾಗಿ ನಷ್ಟವಾದರೆ ಬಿಲ್ಡರು ಪರಿಹಾರ ಕೊಡಬೇಕು. ಅದು ಪ್ರಮೋಟರುಗಳಿಗೆ, ನನ್ನಂಥ ಹಳೇಮನೆಯವನಿಗಲ್ಲ. ಆದರೂ ನನ್ನ ಗೋಡೆಯನ್ನು ನೋಡಿ. ಪ್ಯಾನೆಲ್ ಇಲ್ಲದಿದ್ದರೆ ಆ ಕಲೆ ಯಾರಿಗಾದರೂ ಕಣ್ಣಿಗೆ ಕಾಣುವ ದೋಷ. ಹದಿನೆಂಟು ಸಾವಿರ ಕೊಟ್ಟು ನಾನೇ ಅದನ್ನು ಕಾಣದ ದೋಷವಾಗಿ ಮಾಡುತ್ತೇನೆ. ಅಂದರೆ ಆ ಹಣ ನಾನು ಕೊಡುವುದು ಗೋಡೆಗಲ್ಲ, ಅವನ ಕಣ್ಣು ಕಟ್ಟುವುದಕ್ಕೆ.

ಆಗ ಹಳೇದೊಂದು ನೆನಪಾಯಿತು. ಎಂಬತ್ತರ ದಶಕದ ಕೊನೆ. ತುಂಗಭದ್ರಾ ಎಡದಂಡೆಯ ಭತ್ತದ ಸೀಮೆಯಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಅಕ್ಕಿ ಗಿರಣಿಗೆ ಸ್ಟಾಕ್ ಮೇಲೆ ಸಾಲ ಕೊಟ್ಟಿದ್ದೆವು. ತಿಂಗಳಿಗೊಮ್ಮೆ ಹೋಗಿ ಗೋದಾಮು ನೋಡಿ ರಿಜಿಸ್ಟರಿಗೆ ಸಹಿ ಹಾಕಬೇಕು. ಹೋದಾಗಲೆಲ್ಲ ಸುಣ್ಣ ಬಳಿದ ಗೋದಾಮು, ನೀಟಾಗಿ ಅಟ್ಟಿ ಹಾಕಿದ ಚೀಲಗಳು, ಮುಂದಿನ ಚೀಲಕ್ಕೆ ಬಂಬು ಚುಚ್ಚಿದರೆ ಮುತ್ತಿನಂಥ ಅಕ್ಕಿ. ಖಾತೆ ಕೆಟ್ಟಮೇಲೆ ಬಾಗಿಲು ತೆಗೆಸಿ ಎಣಿಸಿದರೆ ಮುಂದಿನ ಎರಡು ಸಾಲು ಅಕ್ಕಿ, ಹಿಂದಿನದೆಲ್ಲ ಹೊಟ್ಟು. ನನಗೆ ಮೆಮೊ ಬಂತು, ಒಂದು ಇನ್‌ಕ್ರಿಮೆಂಟ್ ಹೋಯಿತು. ದುಡ್ಡಿಗಿಂತ ಹೆಚ್ಚಾಗಿ ಮನಸ್ಸು ಕೊರೆದದ್ದು ಬೇರೆ. ಆ ಗೋದಾಮಿನ ಅಚ್ಚುಕಟ್ಟನ್ನು ಮೆಚ್ಚಿ ನಾನೇ ರಿಜಿಸ್ಟರಿನಲ್ಲಿ ಎರಡು ಒಳ್ಳೆಯ ಮಾತು ಬರೆದಿದ್ದೆ. ಅಕ್ಕಿ ಇದ್ದ ಗೋದಾಮನ್ನು ಗುಡಿಸಿಡುವುದೂ, ಹೊಟ್ಟಿನ ಮುಂದೆ ಅಕ್ಕಿಯ ಸಾಲು ನಿಲ್ಲಿಸುವುದೂ ನೋಡುವವನ ಕಣ್ಣಿಗೆ ಒಂದೇ. ವ್ಯತ್ಯಾಸ ಮಾಡಿದವನಿಗೆ ಮಾತ್ರ ಗೊತ್ತು.

ಮನೆ ಸಾಲದ ವಿಷಯದಲ್ಲಿ ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ, ಹೇಳಿಬಿಡುತ್ತೇನೆ. ಕೊಳ್ಳುವವನು ಸಾಲಕ್ಕೆ ಬಂದಾಗ ಬ್ಯಾಂಕು ತನ್ನ ವ್ಯಾಲ್ಯುಯರನ್ನು ಕಳಿಸುತ್ತದೆ. ಅವನು ಸೈಟು ಅಳೆಯುತ್ತಾನೆ, ಕಟ್ಟಡದ ವಯಸ್ಸು ನೋಡುತ್ತಾನೆ, ಸುತ್ತಲಿನ ದರ ವಿಚಾರಿಸುತ್ತಾನೆ. ಸೋಫಾಕ್ಕೂ ಪರದೆಗೂ ಅವನು ಒಂದು ರೂಪಾಯಿ ಬೆಲೆ ಕಟ್ಟುವುದಿಲ್ಲ. ಮೂವತ್ತರಿಂದ ಎಪ್ಪತ್ತೈದು ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇಕಡಾ 80ನ್ನು ದಾಟಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ. ವ್ಯಾಲ್ಯುಯರು ಎಂಬತ್ತೆಂಟು ಲಕ್ಷ ಅಂದು, ಸಿಂಗಾರಕ್ಕೆ ಮರುಳಾಗಿ ಅವನು ತೊಂಬತ್ತೆರಡಕ್ಕೆ ಒಪ್ಪಿದ ಅನ್ನಿ. ಬ್ಯಾಂಕು ಲೆಕ್ಕ ಹಾಕುವುದು ಕಡಿಮೆ ಇರುವ ಎಂಬತ್ತೆಂಟರ ಮೇಲೆ. ಆ ಮೇಲಿನ ನಾಲ್ಕು ಲಕ್ಷಕ್ಕೆ ಬ್ಯಾಂಕಿನ ಪಾಲು ಸೊನ್ನೆ. ಅಷ್ಟೂ ಅವನ ಉಳಿತಾಯದಿಂದ, ಇಲ್ಲವೇ ಹೆಂಡತಿಯ ಬಳೆಯಿಂದ ಬರಬೇಕು. ಅಂಥ ಬಳೆಗಳನ್ನು ಕೌಂಟರಿನ ಈಚೆ ಕೂತು ನಾನೇ ತೂಕ ಮಾಡಿಸಿದ್ದೇನೆ.

ಆದ್ದರಿಂದ ಈ ಖರ್ಚು ಗಿಟ್ಟುತ್ತದೆಯೇ ಅನ್ನುವ ಪ್ರಶ್ನೆಗೆ ಮೊದಲು ನಾನು ಹಾಕಿದ ಲೆಕ್ಕ ಅರ್ಧ ಲೆಕ್ಕ. ಖರ್ಚಿನ ಕಾಲಂ ನನ್ನದು ಮಾತ್ರ ಬರೆದಿದ್ದೆ. ಎದುರಿನವನ ಕಾಲಮನ್ನೂ ಬರೆದರೆ ಸಿಂಗಾರದಲ್ಲಿ ಎರಡು ಬಗೆ ಕಾಣುತ್ತದೆ. ಗೋಡೆ ತೊಳೆದು, ಕತ್ತಲೆ ಕೋಣೆಗೆ ದೀಪ ಹಾಕಿ, ತುಂಬಿಟ್ಟ ಸಾಮಾನು ತೆಗೆದರೆ ಅವನು ಮನೆಯನ್ನು ಚೆನ್ನಾಗಿ ನೋಡುತ್ತಾನೆ. ಆ ಖರ್ಚು ಗಿಟ್ಟಿದರೆ ಇಬ್ಬರಿಗೂ ಗಿಟ್ಟಿತು. ಪ್ಯಾನೆಲ್ ಹೊಡೆದರೆ ಅವನು ಮನೆಯನ್ನು ನೋಡದ ಹಾಗಾಗುತ್ತದೆ. ಆ ಖರ್ಚು ನನಗೆ ಗಿಟ್ಟಿದಷ್ಟೂ ಅವನಿಗೆ ತಟ್ಟುತ್ತದೆ.

ಎದುರುಮನೆಯವರ ಪ್ರಶ್ನೆ ಉಳಿಯಿತಲ್ಲ. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಅರ್ಥಶಾಸ್ತ್ರದ ಜಾರ್ಜ್ ಅಕೆರ್ಲೋಫ್ 1970ರಲ್ಲಿ ಹಳೇ ಕಾರುಗಳ ವ್ಯಾಪಾರದ ಮೇಲೆ ಒಂದು ಲೇಖನ ಬರೆದರು, 2001ರಲ್ಲಿ ನೊಬೆಲ್ ಹಂಚಿಕೊಂಡರು. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಾಗದಿದ್ದರೆ, ಕೊಳ್ಳುವವರು ಎಲ್ಲರನ್ನೂ ಅನುಮಾನಿಸಿ ಎಲ್ಲದಕ್ಕೂ ಕಡಿಮೆ ಬೆಲೆ ಕೇಳುತ್ತಾರೆ, ಕೊನೆಗೆ ಒಳ್ಳೆಯ ಮಾಲು ಸಂತೆಗೇ ಬರುವುದಿಲ್ಲ ಅಂತ ಅದರ ತಿರುಳು. ಬೀದಿಯ ಬೆಲೆ ಇಳಿಸುವುದು ನನ್ನ ಒಂದು ಮಾತಲ್ಲ, ಎಲ್ಲರ ಕಪಾಟುಗಳೂ ಸೇರಿ ಇಳಿಸುತ್ತವೆ. ಇಷ್ಟು ಹೇಳಿದರೂ, ನಾನು ಬಾಯಿಬಿಟ್ಟ ವರ್ಷ ಮಾರಬೇಕಾದ ನೆರೆಯವನಿಗೆ ಅದರಿಂದ ಸಮಾಧಾನವಾಗದು ಅಂತಲೂ ನನಗೆ ಗೊತ್ತು. ಆದರೆ ಬೀದಿಯವರ ಋಣ ನನ್ನ ಮೇಲಿದೆ ಅಂತ ಬೀದಿಗೆ ಬರುವವನ ದುಡ್ಡಿನಲ್ಲಿ ಅದನ್ನು ತೀರಿಸುವುದು ಹೇಗೆ?

ಕೊನೆಗೆ ಹೀಗೆ ಮಾಡಿದೆ. ಬಾಡಿಗೆ ಸೋಫಾ, ಪ್ಯಾನೆಲ್ ಬೇಡ ಅಂದೆ. ಬಣ್ಣ, ದೀಪ, ಅಂಗಳದ ಸಫಾಯಿ, ಫೋಟೋ, ಇಷ್ಟಕ್ಕೆ ಐವತ್ತೈದು ಸಾವಿರ ಆಯಿತು. ಹುಡುಗಿ ಬೇಸರ ಮಾಡಿಕೊಳ್ಳದೆ ಚೆಂದವಾಗಿ ಮಾಡಿಕೊಟ್ಟಳು. ಹಿಂದಿನ ಗೋಡೆಯ ಗಾರೆ ಕೆತ್ತಿಸಿ, ತೇವ ಏರದ ಹಾಗೆ ಬುಡಕ್ಕೆ ಕೆಮಿಕಲ್ ಹಾಕಿಸಿ, ಹೊಸ ಗಾರೆ ಹಚ್ಚಿಸಿದೆ. ಅದರ ಬಿಲ್ಲೂ, 2020ರಲ್ಲಿ ನೀರು ನಿಂತಾಗ ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೋವೂ ಒಂದು ಫೈಲಿನಲ್ಲಿ ಹಾಕಿ ಟೀಪಾಯಿಯ ಮೇಲಿಟ್ಟೆ. ಬಂದವರಿಗೆಲ್ಲ ಮನೆ ತೋರಿಸಿದ ಮೇಲೆ, ಇದನ್ನೊಂದಿಷ್ಟು ನೋಡಿಬಿಡಿ ಅಂತಿದ್ದೆ. ಮೊದಲನೆಯ ಸಲ ಅದನ್ನು ಹೇಳುವಾಗ ನನ್ನ ಧ್ವನಿ ನಡುಗಿತು, ಸುಳ್ಳು ಹೇಳುವವನಿಗಿಂತ ಹೆಚ್ಚಾಗಿ.

ಮೊದಲ ಗಿರಾಕಿ ಫೈಲು ನೋಡಿ, ಚಹಾ ಕುಡಿದು ಹೋದವರು ಮತ್ತೆ ಫೋನ್ ಮಾಡಲಿಲ್ಲ. ಎರಡನೆಯವರೂ ಅಷ್ಟೇ. ಮಗಳು, ‘ಆ ಫೈಲನ್ನ ಅಡ್ವಾನ್ಸ್ ಆದಮೇಲೆ ತೋರಿಸಿದ್ರಾಗ್ತಿತ್ತಲ್ಲಪ್ಪಾ’ ಅಂದಳು. ಮಳೆಗಾಲ ಕಳೆಯಿತು. ನವೆಂಬರಿನಲ್ಲಿ ಜನಗಾಮ ಕಡೆಯ ಒಬ್ಬ ಹುಡುಗ ಹೆಂಡತಿ ಜೊತೆ ಬಂದ. ಇಬ್ಬರಿಗೂ ಕೆಲಸವಿದೆ. ಅವನಿಗೆ ಊರಿನ ಬಸ್ಸು ಹತ್ತಲು ಉಪ್ಪಲ್ಲೇ ಅನುಕೂಲ. ಫೈಲನ್ನು ಎರಡು ಸಲ ತಿರುವಿಹಾಕಿ ಎಂಬತ್ತೈದಕ್ಕೆ ಕೇಳಿದ. ಎಂಬತ್ತಾರೂವರೆಗೆ ಮುಗಿಯಿತು. ಅಂದುಕೊಂಡದ್ದಕ್ಕಿಂತ ಮೂರೂವರೆ ಲಕ್ಷ ಕಡಿಮೆ. ಎದುರುಮನೆಯವರು ನಾವು ಖಾಲಿಮಾಡುವವರೆಗೂ ಮಾತಾಡಲಿಲ್ಲ.

ಇದನ್ನು ದೊಡ್ಡ ತ್ಯಾಗ ಅಂತ ಹೇಳಿಕೊಳ್ಳಲು ನನಗೆ ನಾಚಿಕೆ. ನನಗೆ ಪಿಂಚಣಿ ಬರುತ್ತದೆ, ತಲೆ ಮೇಲೆ ಸಾಲವಿಲ್ಲ. ಆಸ್ಪತ್ರೆ ಖರ್ಚಿಗೆ ಅಂತ ಮನೆ ಮಾರಲು ಹೊರಟವನ ಮುಂದೆ ಕೂತು ಈ ಪಾಠ ಹೇಳುವ ಧೈರ್ಯ ನನಗಿಲ್ಲ. ಅವನಿಗಿರುವ ಕಷ್ಟ ಅವನ ಸುಳ್ಳನ್ನು ಅರ್ಥಮಾಡಿಸೀತು. ಆದರೆ ಅದರ ಬಾಕಿ ಯಾರದೋ ಹೆಸರಿಗೆ ಬೀಳುವುದನ್ನು ತಪ್ಪಿಸಲಾರದು. ನನ್ನಂಥ ನೆಮ್ಮದಿಯವರಿಗೆ ಆ ನೆಪವೂ ಇಲ್ಲ.

2024ರ ಸೆಪ್ಟೆಂಬರ್ ಮೊದಲಲ್ಲಿ ತೆಲಂಗಾಣದಲ್ಲಿ ಮತ್ತೆ ಜಡಿಮಳೆ. ಖಮ್ಮಂ ಮುಳುಗಿತು ಅಂತ ಟಿವಿಯಲ್ಲಿ ತೋರಿಸುತ್ತಿದ್ದರು. ರಾತ್ರಿ ಹತ್ತರ ಹೊತ್ತಿಗೆ ಆ ಹುಡುಗನ ಫೋನ್ ಬಂತು. ನಂಬರು ನೋಡಿ ಎದೆ ಧಸಕ್ಕೆಂದಿತು. ಅವನು ಜಗಳಕ್ಕೆ ಮಾಡಿದ್ದಲ್ಲ. ‘ಸಾರ್, ಬೀದಿಯಲ್ಲಿ ನೀರು ನಿಲ್ಲುತ್ತಿದೆ. ನಿಮ್ಮ ಫೋಟೋದಲ್ಲಿ ನೀರು ಹಿತ್ತಲ ಕಡೆಯಿಂದ ಬಂದ ಹಾಗಿತ್ತಲ್ಲ, ಮೊದಲು ಯಾವ ಕಡೆ ಅಡ್ಡ ಹಾಕಲಿ?’ ಅಂದ. ಹಿತ್ತಲ ಮೋರಿಯ ಬಾಯಿಗೆ ಮರಳಿನ ಚೀಲ ಇಡು, ಬಾತ್‌ರೂಮಿನ ಜಾಲರಿಗೆ ಹಳೇ ಬಟ್ಟೆ ತುರುಕು, ಫ್ರಿಜ್ಜನ್ನು ಕಲ್ಲಿನ ಮೇಲೆ ಎತ್ತಿಡು ಅಂತ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಅವತ್ತು ನೀರು ಹೊಸ್ತಿಲು ದಾಟಲಿಲ್ಲವಂತೆ. ಮುಂದೊಂದು ದಿನ ದಾಟಬಹುದು. ಫೋನಿಟ್ಟ ಮೇಲೆ ಹೆಂಡತಿ, ‘ಏನಂತ್ರೀ?’ ಅಂದಳು. ಮನೆ ಹೆಂಗಿದೆ ಅಂತ ಕೇಳಿದ್ದಾಳೋ, ಹುಡುಗ ಹೆಂಗಿದ್ದಾನೆ ಅಂತ ಕೇಳಿದ್ದಾಳೋ ತಿಳಿಯಲಿಲ್ಲ. ಆರಾಮ್ ಇದ್ದಾರಂತೆ ಅಂದೆ.